ಅವ್ವನ ಅರ್ಧ ಕೌದಿ ಮತ್ತು ಚಿಂದಿಯ ಇತಿಹಾಸ

ಹೋದ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಡೊಂಬಿವಲಿಯ ಸಣ್ಣ ಫ್ಲ್ಯಾಟಿನಲ್ಲಿ ಇಪ್ಪತ್ತೇಳು ವರ್ಷ ಸಂಸಾರ ಮಾಡಿದವರಿಗೆ ಬಣ್ಣ ಹೊಡೆಸುವ ಕಷ್ಟ ಗೊತ್ತಿರುತ್ತದೆ. ಗೋಡೆಯದು ಎರಡು ದಿನದ ಕೆಲಸ, ಲಾಫ್ಟಿನದು ಒಂದು ವಾರದ್ದು. ಕೆಟ್ಟ ಕುಕ್ಕರ್, ಮಗಳ ಮೂರು ಗಾಲಿ ಸೈಕಲ್ಲು, ನಾನು ಪ್ರಮೋಷನ್ ಪರೀಕ್ಷೆಗೆ ಓದಿದ ಪುಸ್ತಕಗಳು ಒಂದೊಂದೇ ಕೆಳಗಿಳಿದವು. ಎಲ್ಲದರ ಹಿಂದೆ ಒಂದು ಹಳೆಯ ದಿಂಬಿನ ಚೀಲ. ಬಾಯಿಗೆ ಗಂಟು ಹಾಕಿತ್ತು. ಆ ಗಂಟು ಅವ್ವನದೆಂದು ನೋಡಿದ ಕೂಡಲೇ ಗೊತ್ತಾಯಿತು, ಅವಳು ರೊಟ್ಟಿ ಬುತ್ತಿಗೂ ಹಾಗೇ ಗಂಟು ಹಾಕುತ್ತಿದ್ದಳು.

ಒಳಗಿದ್ದದ್ದು ಒಂದು ಕೌದಿ. ಪೂರ್ತಿ ಕೌದಿ ಅಲ್ಲ. ನಾಲ್ಕೂ ಅಂಚಿನಿಂದ ಹೊಲಿಯುತ್ತಾ ಬಂದು ನಟ್ಟನಡುವೆ ಒಂದೂವರೆ ಗೇಣು ಜಾಗ ಹಾಗೇ ಉಳಿದಿತ್ತು. ಅಲ್ಲಿ ಸೂಜಿ ಚುಚ್ಚಿಯೇ ಇತ್ತು. ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿತ್ತು.

ಮೈಸೂರು, ಮಂಗಳೂರು ಕಡೆಯ ಓದುಗರಿಗಾಗಿ ಒಂದು ಮಾತು. ಕೌದಿ ಅಂದರೆ ಹಳೆಯ ಸೀರೆ, ಧೋತರ, ಅಂಗಿ, ಕುಬಸದ ತುಂಡುಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಕೂಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹಾಸಿಗೆ-ಹೊದಿಕೆ. ಧಾರವಾಡ, ಗದಗ, ವಿಜಯಪುರದ ಕಡೆ ಕೌದಿ ಇಲ್ಲದ ಮನೆ ಇರಲಿಲ್ಲ. ಇಲ್ಲಿ ಮರಾಠಿಯವರು ಗೋಧಡಿ ಅನ್ನುತ್ತಾರೆ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಮರುಭೂಮಿಯ ಕಡೆ ರಲ್ಲಿ. ಹೆಸರು ಬೇರೆ, ಬಡತನ ಮತ್ತು ಜಾಣತನ ಒಂದೇ.

ನಾನು ಬಿಕಾಂ ಓದಿದವನು, ಇತಿಹಾಸದ ವಿದ್ಯಾರ್ಥಿ ಅಲ್ಲ. ಮೂವತ್ತು ವರ್ಷದ ಬ್ಯಾಂಕ್ ನೌಕರಿ ಒಂದು ಅಭ್ಯಾಸ ಕಲಿಸಿದೆ. ಯಾವ ಎಂಟ್ರಿ ಕಂಡರೂ ಅದರ ವೋಚರ್ ಎಲ್ಲಿದೆ ಎಂದು ಹುಡುಕುತ್ತೇನೆ. ಈ ಅರ್ಧ ಕೌದಿ ಮಡಿಲಲ್ಲಿ ಇಟ್ಟುಕೊಂಡು ಕುಳಿತಾಗ ಅದೇ ಅಭ್ಯಾಸ ಎದ್ದು ಬಂತು. ಈ ಚಿಂದಿ ಹೊಲಿಯುವ ಲೆಕ್ಕ ಎಲ್ಲಿಂದ ಶುರುವಾಯಿತು?

ಹಿಂದೆ ಹಿಂದೆ ಹೋದರೆ ಬುದ್ಧನ ಕಾಲಕ್ಕೆ ಮುಟ್ಟುತ್ತೇವೆ. ಬೌದ್ಧ ಭಿಕ್ಷುಗಳ ಚೀವರ ತುಂಡುಗಳನ್ನು ಜೋಡಿಸಿದ ಬಟ್ಟೆ. ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕೊಂದು ಕಥೆ ಇದೆ. ಬುದ್ಧ ಮಗಧದ ಹೊಲಗಳನ್ನು ನೋಡುತ್ತಾನೆ. ಬದುಗಳಿಂದ ಬೇರೆಯಾದ, ಅಚ್ಚುಕಟ್ಟಾದ ಚೌಕಗಳ ಹೊಲ. ಭಿಕ್ಷುಗಳ ಬಟ್ಟೆಯನ್ನು ಹೀಗೆ ಹೊಲಿಯಲು ಸಾಧ್ಯವೇ ಎಂದು ಆನಂದನನ್ನು ಕೇಳುತ್ತಾನೆ. ಆನಂದ ಹಾಗೇ ಹೊಲಿದು ತೋರಿಸುತ್ತಾನೆ. ಇಂದಿಗೂ ಭಿಕ್ಷುಗಳ ಚೀವರದಲ್ಲಿ ಆ ಹೊಲದ ನಕ್ಷೆ ಇದೆ. ನಮ್ಮ ಎರಿ ಹೊಲದ ಬದುವಿನ ಮೇಲೆ ನಿಂತು ನೋಡಿದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಸಂಸ್ಕೃತದಲ್ಲಿ ಚಿಂದಿ ಹೊಲಿದ ಬಟ್ಟೆಗೆ ಕಂಥಾ ಎಂದು ಹೆಸರು. ಬಂಗಾಳದ ಕಾಂಥಾ ಅದೇ ಶಬ್ದ. ಕನ್ನಡದಲ್ಲಿ ಅದು ಕಂಥೆ, ಜೋಗಿ ಜಂಗಮರ ಹೊದಿಕೆ. ಇನ್ನೊಂದು ಹಳೆಯ ಶಬ್ದ ಬೊಂತೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರು ಬಂದದ್ದೇ ಇದರಿಂದ. ಐತಿಹ್ಯದ ಪ್ರಕಾರ ಆಕೆ ಕಾಶ್ಮೀರದ ರಾಜಕುಮಾರಿ, ಮೋಳಿಗೆ ಮಾರಯ್ಯನ ತಂಗಿ. ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದವಳಿಗೆ ಶಿವನೇ ಒಂದು ಬೊಂತೆ ಕೊಟ್ಟನಂತೆ. ಅರಮನೆಯ ಪಟ್ಟೆ ಪೀತಾಂಬರ ಮರೆತುಹೋಯಿತು, ಕೌದಿಯ ಹೆಸರು ಒಂಬೈನೂರು ವರ್ಷ ಉಳಿಯಿತು. ಇದು ಕಥೆಯೇ ಇರಬಹುದು. ಆದರೆ ಬೊಂತೆ ಎಂಬ ವಸ್ತುವನ್ನು ಬಲ್ಲ ಜನ ಕಟ್ಟಿದ ಕಥೆ.

ಕಥೆ, ಶಬ್ದ ಸಿಗುತ್ತವೆ. ಹಳೆಯ ಕೌದಿ ಸಿಗುವುದು ಕಷ್ಟ. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಬಂಗಾಳದ ಸಾತಗಾಂವ್ ಕಡೆಯಿಂದ ಟಸ್ಸರ್ ರೇಷ್ಮೆಯ ಕಸೂತಿ ಹಾಕಿದ ದೊಡ್ಡ ಹೊದಿಕೆಗಳನ್ನು ಒಯ್ದರು. ಅವುಗಳಿಗೆ ಕೋಲ್ಚಾ ಎಂದು ಹೆಸರು. ಅವುಗಳಲ್ಲಿ ಕೆಲವು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಭದ್ರವಾಗಿವೆ. ಯಾಕೆ ಉಳಿದವು? ಶ್ರೀಮಂತರ ಮನೆಯಲ್ಲಿ ಅವು ಶೋಭೆಗೆ ಇದ್ದವು. ನಮ್ಮ ಕೌದಿಯ ಮೇಲೆ ಮಕ್ಕಳು ಉಚ್ಚೆ ಹೊಯ್ದವು, ಬಾಣಂತಿ ಮಲಗಿದಳು, ಮುದುಕರು ಕೆಮ್ಮಿದರು. ವರ್ಷಕ್ಕೊಮ್ಮೆ ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದು ಒಗೆದರು. ಹರಿದ ಮೇಲೆ ಅದೇ ಕೌದಿ ಮತ್ತೊಂದು ಕೌದಿಯ ಹೊಟ್ಟೆಯೊಳಗಿನ ಪದರಾಯಿತು. ಕೊನೆಗೆ ಒಲೆ ಮುಂದಿನ ಮಸಿಬಟ್ಟೆ.

ಬಂಗಾಳದಲ್ಲಿ ಗುರುಸದಯ ದತ್ತ ಎಂಬ ಐಸಿಎಸ್ ಅಧಿಕಾರಿ ಇದ್ದರು (1882-1941). ಜಿಲ್ಲೆಯಿಂದ ಜಿಲ್ಲೆಗೆ ವರ್ಗವಾದಂತೆ ಹಳ್ಳಿಗಳಲ್ಲಿ ತಿರುಗಿ ಕಾಂಥಾ ಕೂಡಿಸಿದರು. ಅವರ ಸಂಗ್ರಹ ಇವತ್ತು ಕೊಲ್ಕತ್ತದ ಬಳಿ ಜೋಕಾದಲ್ಲಿರುವ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮಾನದಾಸುಂದರಿ ಎಂಬ ಹೆಣ್ಣುಮಗಳು ತನ್ನ ತಂದೆಗಾಗಿ ಹೊಲಿದು, ತನ್ನ ಹೆಸರನ್ನೂ ಸೂಜಿಯಲ್ಲೇ ಬರೆದಿಟ್ಟ ಕಾಂಥಾ ಒಂದಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಕೌದಿಗೆ ಸಹಿ ಹಾಕಲಿಲ್ಲ. ಆದರೂ ಊರಲ್ಲಿ ಯಾರ ಕೌದಿ ಯಾರು ಹೊಲಿದದ್ದು ಎಂದು ಹೊಲಿಗೆ ನೋಡಿಯೇ ಹೇಳುತ್ತಿದ್ದರು.

ಅವ್ವನ ಕೌದಿಯನ್ನು ನೆಲದ ಮೇಲೆ ಹಾಸಿ ನೋಡಿದೆವು. ನನ್ನ ಹೆಂಡತಿ ಒಂದೊಂದು ತುಂಡನ್ನೂ ಗುರುತಿಸತೊಡಗಿದಳು. ನನಗೂ ಕೆಲವು ಗುರುತು ಹತ್ತಿದವು.

ಅಂಚಿಗೆ ಇರುವುದು ಆಯಿಯ ಇಳಕಲ್ ಸೀರೆಯ ದಡಿ, ಕೆಂಪು ಬಣ್ಣ ಇನ್ನೂ ಮಾಸಿಲ್ಲ. ಆಯಿ ಯಾವಾಗಲೂ "ಕಂಟ್ರೋಲ್ ಕಾಲ" ಅನ್ನುತ್ತಿದ್ದಳು. ಅದು ಎರಡನೆಯ ಮಹಾಯುದ್ಧದ ಕಾಲ. ಮಿಲ್ಲಿನ ಬಟ್ಟೆ ಸೈನ್ಯಕ್ಕೆ ಹೋಗಿ, ಊರಿನ ಅಂಗಡಿಗಳಲ್ಲಿ ಬಟ್ಟೆಯೇ ಇಲ್ಲದಂತಾಗಿ, ಬೆಲೆ ಮುಗಿಲು ಮುಟ್ಟಿದಾಗ ಸರಕಾರ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ತಂದಿತು. ಬಟ್ಟೆಯ ಮೇಲೆಯೇ ಬೆಲೆಯ ಮುದ್ರೆ ಒತ್ತಿ ಬರುತ್ತಿತ್ತು. 1948ರ ಜನವರಿಯಲ್ಲಿ ಕಂಟ್ರೋಲ್ ತೆಗೆದರು, ಬೆಲೆ ಜಿಗಿಯಿತು, ಅದೇ ವರ್ಷ ಮತ್ತೆ ಹಾಕಿದರು. ಆ ಕಾಲದಲ್ಲಿ ಒಂದು ಗೇಣು ಬಟ್ಟೆಯನ್ನೂ ಯಾರೂ ಎಸೆಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ನಾನು ಸಾಲ ಕೇಳಲು ಬಂದವರಿಗೆ ಸಾವಿರ ಸಲ ಹೇಳಿರಬೇಕು. ಆಯಿಗೆ ಅದು ಗಾದೆ ಆಗಿರಲಿಲ್ಲ. ಹಾಸಿಗೆಯನ್ನೇ ತುಂಡು ಕೂಡಿಸಿ ಉದ್ದ ಮಾಡಿದವಳು ಅವಳು.

ಅದರ ಒಳಸಾಲಿಗೆ ನೀಲಿ ಗೆರೆಯ ಷರ್ಟಿನ ಬಟ್ಟೆಯ ತುಂಡುಗಳು. ಇವು ಮುಂಬಯಿಯವು. ನನ್ನ ಸೋದರಮಾವ ಲಾಲಬಾಗಿನ ಒಂದು ಮಿಲ್ಲಿನ ನೇಯ್ಗೆ ಖಾತೆಯಲ್ಲಿದ್ದ. ಮುಂಬಯಿಯ ಮೊದಲ ಹತ್ತಿ ಗಿರಣಿಗೆ ಕಾವಸ್‌ಜಿ ದಾವರ್ ಕಂಪನಿ ಕಟ್ಟಿದ್ದು 1854ರಲ್ಲಿ, ಗಿರಣಿ ತಿರುಗಿದ್ದು 1856ರಲ್ಲಿ. ಅಲ್ಲಿಂದ ಮುಂದೆ ಕೊಂಕಣ, ಸಾತಾರಾದವರ ಜೊತೆಗೆ ನಮ್ಮ ಕಡೆಯವರೂ ಗಿರಣಗಾಂವಿಗೆ ಬಂದು ಸೇರಿದರು. 1956ರ ತನಕ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಮುಂಬಯಿ ನಮಗೆ ಪರದೇಶ ಆಗಿರಲಿಲ್ಲ, ರಾಜಧಾನಿ ಆಗಿತ್ತು.

ಮಾವ ಪ್ರತಿ ವರ್ಷ ನಾಗರ ಪಂಚಮಿಗೆ ಊರಿಗೆ ಬರುವಾಗ ಒಂದು ಗಂಟು ಫೆಂಟ್ಸ್ ತರುತ್ತಿದ್ದ. ಮಿಲ್ಲಿನ ಲೆಕ್ಕದಲ್ಲಿ ಹಾಳಾದ ತುಂಡಿಗೂ ಜಾತಿ ಇದೆ. ಸ್ವಲ್ಪ ಉದ್ದದ ತುಂಡು ಫೆಂಟ್, ಅದಕ್ಕಿಂತ ಸಣ್ಣದು ರ‍್ಯಾಗ್, ತೀರಾ ಸಣ್ಣದು ಚಿಂದಿ. ನಾನು ಬ್ಯಾಂಕಿಗೆ ಸೇರಿ ಮೊದಲ ಸಲ ಜವಳಿ ಗಿರಾಕಿಯೊಬ್ಬರ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ 'ಫೆಂಟ್ಸ್, ರ‍್ಯಾಗ್ಸ್ ಆ್ಯಂಡ್ ಚಿಂದೀಸ್' ಎಂದು ಓದಿ ನಕ್ಕುಬಿಟ್ಟೆ. ನಮ್ಮ ಚಿಂದಿಗೆ ಇಂಗ್ಲಿಷಿನ ಬಹುವಚನ! ಅವ್ವನ ಗಂಟು ಬ್ಯಾಂಕಿನ ಕಾಗದದಲ್ಲಿ ಆಸ್ತಿಯಾಗಿ ಕುಳಿತಿತ್ತು.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ, ಅದು ಹಾಗೇ ಕರಗಿಹೋಯಿತು. ಅರ್ಧಕ್ಕೆ ಬಿಟ್ಟ ಕೆಲಸಗಳ ಪಟ್ಟಿ ಮಾಡಿದರೆ ಅದನ್ನೇ ಮೊದಲು ಬರೆಯಬೇಕು. ಮಾವ ಆ ವರ್ಷ ಪಂಚಮಿಗೆ ಬರಿಗೈಯಲ್ಲಿ ಬಂದ. ಮತ್ತೆ ಮುಂಬಯಿಗೆ ಹೋಗಲಿಲ್ಲ. ನನಗೆ ಆಗ ಹನ್ನೆರಡು ವರ್ಷ. ಅವ್ವ ಉಳಿದ ಫೆಂಟ್ಸುಗಳನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದ್ದು ನೆನಪಿದೆ. ಇವತ್ತು ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲು ಇದ್ದ ಜಾಗದಲ್ಲಿ ದೊಡ್ಡ ಮಾಲ್ ಇದೆ. ಗಿರಣಿಗಳ ಭೋಂಗಾ ಕೇಳಿ ಎದ್ದವರ ಮೊಮ್ಮಕ್ಕಳು ಅಲ್ಲಿ ಸೇಲ್ಸ್ ಕೌಂಟರಿನಲ್ಲಿ ನಿಂತಿದ್ದಾರೆ.

ಇನ್ನೂ ಒಳಗೆ ಬಂದರೆ ಅಪ್ಪನ ಟೆರಿಕಾಟ್ ಅಂಗಿಯ ಎರಡು ತುಂಡು. ಕೌದಿಗೆ ಅದು ಹೊಂದುವುದಿಲ್ಲ. ಹತ್ತಿ ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಹರಿಯುವುದಿಲ್ಲ, ಮೆತ್ತಗೂ ಆಗುವುದಿಲ್ಲ. ಹಳ್ಳಿಗಳಲ್ಲಿ ಕೌದಿ ಕಡಿಮೆಯಾದದ್ದಕ್ಕೆ ಜನ ಆಲಸಿಗಳಾದರು ಎಂದು ಬೈಯುವವರಿದ್ದಾರೆ. ನನಗೆ ಕಾಣುವ ಕಾರಣ ಸರಳ. ಹಳೆಯ ಹತ್ತಿ ಬಟ್ಟೆ ಕಡಿಮೆಯಾಯಿತು, ಅಗ್ಗದ ಮಿಲ್ ಬ್ಲಾಂಕೆಟ್ ಬಂತು, ಹಳೆಯ ಸೀರೆಯನ್ನು ಭಾಂಡೀವಾಲಿಗೆ ಕೊಟ್ಟರೆ ಸ್ಟೀಲ್ ಡಬ್ಬಿ ಸಿಗತೊಡಗಿತು.

ಇಲ್ಲಿ ನನ್ನ ತಪ್ಪು ಹೇಳಬೇಕು.

ಮಗಳು ಹುಟ್ಟಿದ್ದು 1999ರಲ್ಲಿ. ಮಳೆಗಾಲಕ್ಕೆ ಅವ್ವ ಆ ಟ್ರಂಕಿನ ಗಂಟನ್ನು ಹೊತ್ತುಕೊಂಡೇ ಡೊಂಬಿವಲಿಗೆ ಬಂದಳು. ಕೂಸಿಗೆ ಕೌದಿ ಹೊಲಿಯಬೇಕೆಂದು. ಸಣ್ಣ ಹಾಲಿನಲ್ಲಿ ಬಟ್ಟೆ ಹರವಿಕೊಂಡು ದಿನವಿಡೀ ಹೊಲಿಯುತ್ತಿದ್ದಳು. ಕೆಳಗಿನ ಟೇಲರ್ ಅಂಗಡಿಯಿಂದ ಚೂರು ಬಟ್ಟೆ ಬೇಡಿ ತಂದಳು. ಒಂದು ರವಿವಾರ ಬ್ಯಾಂಕಿನ ಸಾಹೇಬರು ಕುಟುಂಬ ಸಮೇತ ಮಗುವನ್ನು ನೋಡಲು ಬಂದರು. ಅವರಿಗೆ ಕೂಡಲು ಜಾಗ ಮಾಡುವುದರೊಳಗೆ ನನಗೆ ಸಾಕುಸಾಕಾಯಿತು. ಅವರು ಹೋದ ಮೇಲೆ ನಾನು ಅವ್ವನಿಗೆ ಅಂದೆ, "ಅವ್ವಾ, ಈ ಚಿಂದಿ ಸಂಸಾರ ಸಾಕು ಮಾಡು. ನಾ ಚೊಲೋ ಬ್ಲಾಂಕೆಟ್ ತರ್ತೀನಿ."

ಅವ್ವ ಏನೂ ಅನ್ನಲಿಲ್ಲ. "ಆತು ಬಿಡಪಾ" ಅಂದಳು ಅಷ್ಟೇ. ಮರುದಿನ ಹಾಲು ಸ್ವಚ್ಛವಾಗಿತ್ತು. ನಾನು ಬ್ಲಾಂಕೆಟ್ ತಂದೆ, ಗುಲಾಬಿ ಬಣ್ಣದ್ದು, ಮೇಲೆ ಕರಡಿಯ ಚಿತ್ರ. ಕೌದಿ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. 2004ರಲ್ಲಿ ಅವ್ವ ಊರಲ್ಲೇ ತೀರಿಕೊಂಡಳು.

ಅವಳು ಮೊದಲೇ ಹೊಲಿದು ಕೊಟ್ಟಿದ್ದ ಎರಡು ಪೂರ್ತಿ ಕೌದಿ ನಮ್ಮ ದಿವಾನದ ಕೆಳಗೆ ಇದ್ದವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತಲ್ಲ, ಆ ದಿನ ನಮ್ಮ ನೆಲಮಹಡಿಗೂ ಮೊಣಕಾಲು ನೀರು ಬಂತು. ಗಟಾರದ ನೀರು ಕುಡಿದ ಕೌದಿಗಳನ್ನು ಮೂರು ದಿನ ಒಣಗಿಸಿದೆವು, ವಾಸನೆ ಹೋಗಲಿಲ್ಲ, ಎಸೆದೆವು. ಬಳಸಿದ ಕೌದಿಗಳು ಹೋದವು. ಅರ್ಧಕ್ಕೆ ಬಿಟ್ಟದ್ದು ಲಾಫ್ಟಿನಲ್ಲಿ ಉಳಿಯಿತು.

ಈಗ ಇದನ್ನು ಏನು ಮಾಡುವುದು? ಚೆನ್ನೈಯಲ್ಲಿ ನೌಕರಿ ಮಾಡುವ ಮಗಳಿಗೆ ಫೋಟೋ ಕಳಿಸಿದೆ. ಅವಳು ಫೋನ್ ಮಾಡಿ ಕೇಳಿದಳು, "ಪಪ್ಪಾ, ಫ್ರೇಮ್ ಹಾಕಿಸಿ ಗೋಡೆಗೆ ಹಾಕೋಣ್ವಾ? ಅಥ್ವಾ ಮುಗಿಸೋಣ್ವಾ?" ಉತ್ತರ ತಕ್ಷಣ ಬರಲಿಲ್ಲ.

ಈ ನಡುವೆ ಓದುತ್ತಾ ಹೋದಾಗ ಗೊತ್ತಾಯಿತು, ಅಮೆರಿಕದ ಹೆಣ್ಣುಮಕ್ಕಳಲ್ಲೂ ಇದೇ ರೋಗ ಇದೆ. ಅರ್ಧಕ್ಕೆ ಬಿಟ್ಟ ಕ್ವಿಲ್ಟಿಗೆ ಅವರು ಯುಎಫ್ಒ ಅನ್ನುತ್ತಾರೆ, ಮುಗಿಯದ ವಸ್ತು ಎಂದು. ಹಾರುವ ತಟ್ಟೆ ಅಲ್ಲ! ಅವರ ಪದ್ಧತಿ ಬೇರೆ. ಒಂದೊಂದು ಚೌಕ ಬಿಡಿಬಿಡಿಯಾಗಿ ಹೊಲಿದು, ಆಮೇಲೆ ಎಲ್ಲವನ್ನೂ ಕೂಡಿಸುತ್ತಾರೆ. ಆ ಚೌಕಕ್ಕೆ ಬ್ಲಾಕ್ ಎಂದು ಹೆಸರು. 1860ರ ದಶಕದಿಂದ ಜನಪ್ರಿಯವಾದ 'ಲಾಗ್ ಕ್ಯಾಬಿನ್' ಬ್ಲಾಕಿನಲ್ಲಿ ನಡುವೆ ಒಂದು ಸಣ್ಣ ಚೌಕ, ಅದರ ಸುತ್ತ ಪಟ್ಟಿಗಳು. ನಡುವಿನ ಕೆಂಪು ಚೌಕ ಮನೆಯ ಒಲೆ ಇದ್ದಂತೆ ಎಂದು ಅವರು ಹೇಳುತ್ತಾರೆ. ಅವರು ಕೆಲಸ ಬಿಟ್ಟರೆ ಡಬ್ಬಿ ತುಂಬ ಬ್ಲಾಕುಗಳು ಉಳಿಯುತ್ತವೆ. ನಮ್ಮ ಕೌದಿ ಅಂಚಿನಿಂದ ಸುತ್ತುತ್ತಾ ಒಳಗೆ ಬರುತ್ತದೆ. ನಾವು ಬಿಟ್ಟರೆ ಉಳಿಯುವುದು ನಡುವಿನ ತೂತು.

ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸದ ಹಳೆಯ ಪ್ಯಾಂಟು, ಅಂಗಿಗಳಿಂದ ಕ್ವಿಲ್ಟ್ ಹೊಲಿದರು. ನಾಗರಿಕ ಹಕ್ಕುಗಳ ಚಳವಳಿಯ ದಿನಗಳಲ್ಲಿ, 1966ರಲ್ಲಿ, ಆ ಭಾಗದಲ್ಲಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಹುಟ್ಟಿತು. 2002ರಲ್ಲಿ ಆ ಕ್ವಿಲ್ಟುಗಳು ಹ್ಯೂಸ್ಟನ್ನಿನ, ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂಗಳ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೆ ಬಂದವು.

ಅಷ್ಟು ದೂರ ಯಾಕೆ, ನಮ್ಮ ಉತ್ತರ ಕನ್ನಡವನ್ನೇ ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅನೇಕರನ್ನು ಗುಲಾಮರನ್ನಾಗಿ ತಂದದ್ದು, ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಯರು ಹೊಲಿಯುವ ಕೌದಿ ಒಂದೇ, ಅದನ್ನು ಕವಂದಿ ಅನ್ನುತ್ತಾರೆ. ಅದೂ ಅಂಚಿನಿಂದ ಒಳಗೆ ಸುತ್ತುತ್ತಾ ಬರುತ್ತದೆ. ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಹೂ ಇಲ್ಲದಿದ್ದರೆ ಕವಂದಿ ಬತ್ತಲೆ ಇದ್ದಂತೆ ಎಂಬುದು ಅವರ ಮಾತು. 2003ರಲ್ಲಿ ಕರ್ನಾಟಕದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಮರುವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಸೆಂಟರಿನಲ್ಲಿ ಪ್ರದರ್ಶನಗೊಂಡವು. ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಹಾರ್ಲೆಮ್‌ನಲ್ಲಿ ಜನ ನಿಂತು ನೋಡಿದ ಕೆಲಸವನ್ನು ನಾನು ಸಾಹೇಬರು ಬರುತ್ತಾರೆಂದು ಮೂಲೆಗೆ ತಳ್ಳಿದ್ದೆ.

ಗೋಡೆಗೆ ಹಾಕಿದರೆ ಕೌದಿ ಉಳಿಯುತ್ತದೆ. ಮುಗಿಸಿದರೆ ಹೊದೆಯುತ್ತಾರೆ, ಒಗೆಯುತ್ತಾರೆ, ಹತ್ತಿಪ್ಪತ್ತು ವರ್ಷದಲ್ಲಿ ಹರಿಯುತ್ತದೆ. ಮಾವನ ಮಿಲ್ಲಿನ ನೀಲಿ ಗೆರೆಯೂ ಹೋಗುತ್ತದೆ, ಅವ್ವನ ಹೊಲಿಗೆಯೂ ಹೋಗುತ್ತದೆ. ವೋಚರ್ ಹುಡುಕುವ ನನ್ನ ಬುದ್ಧಿ ಇಟ್ಟುಕೋ ಅನ್ನುತ್ತಿತ್ತು. ಆದರೆ ಅವ್ವ ಇದನ್ನು ನನ್ನ ಇತಿಹಾಸಕ್ಕೆಂದು ಹೊಲಿಯಲಿಲ್ಲ, ಮೊಮ್ಮಗಳ ಚಳಿಗೆ ಹೊಲಿದಳು. ಮುಗಿಸುವುದೆಂದು ತೀರ್ಮಾನಿಸಿದೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಸೋಲಾಪುರದ ಆಜಿ ಒಬ್ಬರಿದ್ದಾರೆ, ಕನ್ನಡ ಮರಾಠಿ ಎರಡೂ ಬಲ್ಲವರು. ಕೌದಿ ಹೊತ್ತು ಅವರ ಮನೆಗೆ ಹೋದೆ. ಅವರು ಹೊಲಿಗೆಯ ಮೇಲೆ ಬೆರಳು ಆಡಿಸಿ, "ಕೈ ಭಾಳ ಚೊಲೋ ಇತ್ತು ನಿಮ್ಮ ತಾಯಿದು" ಅಂದರು. ಹೊಲಿದು ಕೊಡುತ್ತೀರಾ ಎಂದು ಕೇಳಿದ್ದಕ್ಕೆ ನಕ್ಕು ಕನ್ನಡಕ ತೋರಿಸಿದರು. "ನೀವss ಹೊಲೀರಿ ಸಾಹೇಬ್ರ, ನಾ ಹೇಳ್ತೀನಿ."

ನಾಲ್ಕು ತಿಂಗಳ ರವಿವಾರಗಳು ಹಿಡಿದವು. ತುಕ್ಕು ಹಿಡಿದ ಸೂಜಿ ತೆಗೆದ ಜಾಗದಲ್ಲಿ ಕಂದು ಕಲೆ ಉಳಿಯಿತು, ಹಾಗೇ ಬಿಟ್ಟೆವು. ನಡುವಿನ ಜಾಗಕ್ಕೆ ಹೆಂಡತಿಯ ಹತ್ತಿ ಸೀರೆಯ ಸೆರಗು, ಮಗಳ ಶಾಲೆಯ ಯೂನಿಫಾರ್ಮ್, ನನ್ನ ಒಂದು ಬಿಳಿ ಆಫೀಸ್ ಷರ್ಟು ಕತ್ತರಿಸಿದೆವು. ಅವ್ವ ಒಂದು ಹೆಬ್ಬೆರಳು ಉದ್ದದಲ್ಲಿ ಎಂಟು ಹೊಲಿಗೆ ಹಾಕಿದ್ದಾಳೆ. ನನ್ನವು ನಾಲ್ಕು, ಅವೂ ಸೊಟ್ಟ. ಮೂವತ್ತು ವರ್ಷ ಲೆಡ್ಜರಿನಲ್ಲಿ ನೇರ ಗೆರೆ ಹೊಡೆದ ಕೈಗೆ ಬಟ್ಟೆಯ ಮೇಲೆ ನೇರ ಹೋಗಲು ಬರಲಿಲ್ಲ. ಅವಳ ಹೊಲಿಗೆ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ಕುರುಡರೂ ಮುಟ್ಟಿ ಹೇಳಬಹುದು. ಕೊನೆಯ ಬಾಯಿ ಮುಚ್ಚುವ ಮುಂಚೆ ಅವ್ವ ಯಾವಾಗಲೂ ನಾಲ್ಕು ಕಾಳು ಜೋಳ ಒಳಗೆ ಹಾಕುತ್ತಿದ್ದಳು, ಕೌದಿಯ ಹೊಟ್ಟೆ ಹಸಿದಿರಬಾರದೆಂದು. ಡಬ್ಬಿಯಿಂದ ತಂದು ಹಾಕಿದೆ. ಗಂಟು ಹಾಕಿದೆ.

ಹೋದ ತಿಂಗಳು ಮಗಳು ಬಂದು ಒಯ್ದಳು. ಮೊನ್ನೆ ಫೋನ್ ಮಾಡಿ, "ಪಪ್ಪಾ, ಮಷಿನ್‌ಗೆ ಹಾಕಬಹುದಾ?" ಎಂದು ಕೇಳಿದಳು. ಒಂದು ಕ್ಷಣ ಎದೆ ಝಲ್ಲೆಂದಿತು. ಕೈಯಿಂದ ಒಗಿ, ನೆರಳಲ್ಲಿ ಒಣಗಿಸು ಎಂದು ಹೇಳಬೇಕೆಂದುಕೊಂಡೆ. ಆಮೇಲೆ ಹಳ್ಳದ ಬಂಡೆಗೆ ಕೌದಿ ಬಡಿಯುತ್ತಿದ್ದ ಅವ್ವನ ನೆನಪಾಯಿತು. "ಹಾಕವ್ವಾ" ಅಂದೆ.

ನಿಮ್ಮ ಲಾಫ್ಟಿನಲ್ಲೂ ಇಂಥ ಗಂಟು ಒಂದಿರಬಹುದು. ಈ ರವಿವಾರ ಏಣಿ ಹಾಕಿ ನೋಡಿ.